ಒಂದೊಂದೇ ಗುಟುಕು

ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನ ನಟ್ಟನಡುವೆ ಕಾರು ನಿಂತುಹೋಯಿತು.

ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ, ಸುತ್ತಲೂ ಹಾರ್ನು. ಸ್ಟಿಯರಿಂಗ್ ಹಿಡಿದು ಕೂತಿದ್ದ ಮನುಷ್ಯ ಮಾತ್ರ ಕಲ್ಲಿನಂತೆ ಕದಲದೆ ಕೂತುಬಿಟ್ಟಿದ್ದ.

"ಕ್ಲಚ್ ಒತ್ತಿ! ಅದಲ್ಲ, ಅದು ಬ್ರೇಕು ಕಣ್ರೀ!"

ಕೂಗಿದ್ದು ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಟೀಚರ್. ಮೂವತ್ತೆಂಟರ ಆಸುಪಾಸಿನ ಹೆಂಗಸು. ಸ್ವಂತ ಡ್ರೈವಿಂಗ್ ಸ್ಕೂಲು, ಎರಡು ಹಳೇ ಕಾರು, ಒಂದು ದೊಡ್ಡ ಗಂಟಲು. ಅವಳ ಹತ್ತಿರ ಕಲಿತವರು ಗಾಡಿಗಿಂತ ಅವಳ ದನಿಗೇ ಹೆದರಿ ಕಲಿತಿದ್ದೇವೆ ಎಂದು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ ಅದೇ ದನಿಯಲ್ಲಿ ಜೋಕು ಹೊಡೆದು ತಪ್ಪಿಸಿಕೊಂಡವಳು ಅವಳು.

ಅವನು ಸ್ಟಿಯರಿಂಗಿನಿಂದ ಕೈ ತೆಗೆದ. ಅವಳ ಕಡೆ ತಿರುಗಿದ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

"ನೀವು ಕೂಗಿದ್ರೆ ನನ್ನ ಕಾಲು ಎಲ್ಲಿದೆ ಅಂತಾನೇ ನನಗೆ ಮರೆತುಹೋಗುತ್ತೆ," ಎಂದ. "ಮೆಲ್ಲಗೆ ಹೇಳಿ. ಕೇಳ್ತೀನಿ."

ಎಷ್ಟು ಧೈರ್ಯ ಇವನಿಗೆ... ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಬೈಯಲೆಂದು ಬಾಯಿ ತೆರೆದಳು. ಆದರೆ ಆ ಕಣ್ಣುಗಳಲ್ಲಿ ಸೊಕ್ಕು ಇರಲಿಲ್ಲ, ಬರೀ ಭಯವಿತ್ತು.

ಅವಳು ಮೆಲ್ಲಗೆ ಹೇಳಿದಳು. ಕ್ಲಚ್ಚು, ಕೀಲಿ, ಮೊದಲ ಗೇರು. ಕಾರು ಕೆಮ್ಮುತ್ತಾ ಕದಲಿತು. ಸರ್ಕಲ್ ದಾಟಿದ ಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು.

ಆಗಲೇ ಅವಳಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಮೆಲ್ಲಗೆ ಮಾತಾಡಿದಾಗ ಗಂಟಲು ಚುಚ್ಚುವುದು ಕಡಿಮೆಯಾಗಿತ್ತು. ಕೆಲವು ವಾರಗಳಿಂದ ಏನನ್ನು ನುಂಗಿದರೂ ಒಂದು ಪಕ್ಕಕ್ಕೆ ಮುಳ್ಳು ಸಿಕ್ಕಿಕೊಂಡ ಹಾಗಾಗುತ್ತಿತ್ತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡು ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಹಳೇ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ ಬಟ್ಟೆ ಹೊಲಿಯುವವನು. ವಯಸ್ಸು ನಲವತ್ತು ದಾಟಿತ್ತು. ಹೆಂಡತಿ ಕಾಯಿಲೆಯಿಂದ ತೀರಿಕೊಂಡು ವರ್ಷಗಳೇ ಆಗಿದ್ದವು. ರಿಪೇರಿಯಾದ ಸೋಫಾಗಳನ್ನು ತಾನೇ ತಲುಪಿಸಲೆಂದು ಹಳೇ ವ್ಯಾನೊಂದನ್ನು ಕೊಂಡಿದ್ದ, ಅದಕ್ಕೇ ಈ ಡ್ರೈವಿಂಗ್ ಕಲಿಕೆ. ಅವಳು ಅವನಿಗೆ 'ಸೋಫಾ ಸಾಹೇಬರು' ಎಂದು ಹೆಸರಿಟ್ಟಳು. ಅವನಿಗೆ ಅವಳು ಬರೀ 'ಟೀಚರ್'.

ಕ್ಲಾಸು ಮುಗಿದ ಮೇಲೆ ಟೀ ಅಂಗಡಿಯ ಮುಂದೆ ನಿಲ್ಲುವುದು ಅಭ್ಯಾಸವಾಯಿತು. ಬೆಳಿಗ್ಗೆ ಏಳುವಾಗಲೇ ಅವಳಿಗೆ ಅವನ ಪಾಳಿ ಯಾವಾಗ ಎಂಬ ಯೋಚನೆ ಬರುತ್ತಿತ್ತು. ಏನಾಗಿದೆ ನನಗೆ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ... ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಟೀ ಕುಡಿಯುವಾಗ ಪ್ರತಿ ಗುಟುಕಿಗೂ ಅವಳ ಎಡಗೈ ಮುಷ್ಟಿ ಕಟ್ಟುವುದನ್ನು ಮೊದಲು ನೋಡಿದವನು ಅವನೇ. ಡಾಕ್ಟರಿಗೆ ತೋರಿಸಿ ಎಂದ. ಅವಳು ನಕ್ಕು ಮಾತು ತೇಲಿಸಿದಳು. ಅವನು ಮರುದಿನವೂ ಹೇಳಿದ, ಅದರ ಮರುದಿನವೂ ಹೇಳಿದ. ಇವನ ಕಾಟ ತಪ್ಪಲಿ ಎಂದೇ ಅವಳು ಆಸ್ಪತ್ರೆಗೆ ಹೋದಳು.

ಟಾನ್ಸಿಲ್ ಜಾಗದಲ್ಲಿ ಕ್ಯಾನ್ಸರ್. ಕತ್ತಿನ ಒಂದು ಗಂಟಿಗೂ ಹಬ್ಬಿತ್ತು. ಗುಣವಾಗುವಂಥದ್ದೇ, ಆದರೆ ಹಲವು ವಾರ ದಿನಾ ರೇಡಿಯೇಷನ್ ಕೊಡಬೇಕು, ಗಂಟಲಿಗೆ ಕಷ್ಟ ತಪ್ಪಿದ್ದಲ್ಲ ಎಂದರು ಡಾಕ್ಟರು.

ಅಮ್ಮನಿಗೆ ಹೇಳಿದಳು. ಆಮೇಲೆ ಅವನಿಗೆ ಫೋನ್ ಮಾಡಿ, ನಾಳೆಯಿಂದ ಬೇರೆ ಮೇಷ್ಟ್ರು ಬರುತ್ತಾರೆ, ತನಗೆ ಗಂಟಲು ಕ್ಯಾನ್ಸರ್ ಅಂತೆ ಎಂದಳು. ಕ್ಲಚ್ ವೈರು ಕಿತ್ತುಹೋಗಿದೆ ಎನ್ನುವಷ್ಟೇ ಸಲೀಸಾಗಿ.

ಆ ಕಡೆಯಿಂದ ಬಂದದ್ದು ಒಂದೇ ಒಂದು "ಹೂಂ."

ಅಷ್ಟೇನಾ? ಬರೀ ಒಂದು ಹೂಂ? ಫೋನಿಟ್ಟ ಮೇಲೆ ಅವಳ ಕಣ್ಣು ತುಂಬಿ ಬಂತು. ಕ್ಯಾನ್ಸರಿಗೆ ಬಾರದ ಅಳು ಒಂದು ಹೂಂಗೆ ಬಂತು.

ಚಿಕಿತ್ಸೆ ಶುರುವಾಗುವ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮ ತೆಗೆದಳು. ಹೊಸ ಲೈಸೆನ್ಸ್ ಕೈಯಲ್ಲಿ ಹಿಡಿದು ಅವನು ನಿಂತಿದ್ದ. ಹಿಂದೆ ರಸ್ತೆಯಲ್ಲಿ ತೊಳೆದು ನಿಲ್ಲಿಸಿದ ವ್ಯಾನು. ಅಷ್ಟು ಬೇಗ ಪಾಸಾಗಲು ಆ ಬೇರೆ ಮೇಷ್ಟ್ರ ಪ್ರಾಣ ಹಿಂಡಿದ್ದನಂತೆ. ದಿನಾ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿದ. ಟೀಚರ್ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಬೇಡ ಎನ್ನಬೇಕೆಂದಿದ್ದಳು. "ಪಾರ್ಕಿಂಗ್ ಮಾಡೋಕೆ ಬರುತ್ತಾ?" ಎಂದು ಕೇಳಿಬಿಟ್ಟಳು.

"ಸುಮಾರಾಗಿ."

ಅವಳು ಹೋಗಿ ವ್ಯಾನು ಹತ್ತಿದಳು.

ಆಸ್ಪತ್ರೆಯಲ್ಲಿ ಅವಳ ಮುಖದ ಅಚ್ಚಿಗೆ ತಕ್ಕಂತೆ ಮಾಡಿದ ಬಲೆಯಂಥ ಮುಖವಾಡ ಹಾಕಿ, ಅದನ್ನು ಮೇಜಿಗೆ ಬಿಗಿದು, ಅಲುಗಾಡದೆ ಮಲಗಿಸುತ್ತಿದ್ದರು. ಕೆಲವೇ ನಿಮಿಷದ ಕೆಲಸ. ಶುರುವಿನಲ್ಲಿ ನೋವೇನೂ ಇರಲಿಲ್ಲ. ದಾರಿಯುದ್ದಕ್ಕೂ ಅವನ ಡ್ರೈವಿಂಗಿಗೆ ತಪ್ಪು ಹುಡುಕುತ್ತಾ ಹೋಗುವುದೇ ಅವಳ ಕೆಲಸವಾಗಿತ್ತು.

ಮೂರನೇ ವಾರಕ್ಕೆ ಬಾಯೊಳಗೆ ಹುಣ್ಣೆದ್ದವು. ಎಂಜಲು ಅಂಟಿನ ಹಾಗೆ ದಪ್ಪವಾಯಿತು. ನಾಲಿಗೆಗೆ ಹಾಲು, ಬ್ರೆಡ್ಡು, ಬಾಳೆಹಣ್ಣು ಎಲ್ಲ ಒಂದೇ ರುಚಿ, ಒದ್ದೆ ಕಾಗದದ್ದು. ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪಾಯಿತು. ಆಮೇಲೆ ನುಂಗುವುದೇ ಒಂದು ಶಿಕ್ಷೆಯಾಯಿತು. ನೀರು ಕುಡಿದರೂ ಒಡೆದ ಗಾಜು ಇಳಿದ ಹಾಗೆ. ಕಿವಿಯವರೆಗೂ ಹತ್ತುತ್ತಿತ್ತು ಆ ಉರಿ. ಮಾತು ಪಿಸುಮಾತಾಯಿತು, ಪಿಸುಮಾತೂ ಕಡಿಮೆಯಾಯಿತು.

ಊರೆಲ್ಲ ಕೇಳುವಂತೆ ಕೂಗುತ್ತಿದ್ದವಳು ಈಗ ವ್ಯಾನಿನ ಡ್ಯಾಷ್‌ಬೋರ್ಡ್ ಮೇಲೆ ಬೆರಳಿನಿಂದ ತಟ್ಟಿ ಹೇಳುತ್ತಿದ್ದಳು. ಒಮ್ಮೆ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ಗೇರು ಬದಲಿಸಿ. ಜೋರಾಗಿ ತಟ್ಟಿದರೆ ಬೈಗುಳ. ಅವನಿಗೆ ಎಲ್ಲ ಅರ್ಥವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ಪರವಾಗಿಲ್ಲ ಎಂದು ತಲೆಯಾಡಿಸುತ್ತಿದ್ದಳು. ಕೊಟ್ಟ ನೋವಿನ ಸಿರಪ್ಪನ್ನು ಮುಚ್ಚಳ ತೆಗೆಯದೆ ಬೀರುವಿನಲ್ಲಿಟ್ಟಿದ್ದಳು. ಅದರಲ್ಲಿ ಮಾರ್ಫಿನ್ ಇದೆ ಎಂದು ಓದಿದ್ದಳು. ಅದು ಸಾಯುವವರಿಗೆ ಕೊಡುವ ಔಷಧಿಯಲ್ಲವೇ? ಅದನ್ನು ಮುಟ್ಟಿದರೆ ಸೋತೆನೆಂದು ಒಪ್ಪಿಕೊಂಡ ಹಾಗೆ... ಅಮ್ಮ ಮಾಡಿಕೊಟ್ಟ ಸೂಪನ್ನು ಅಮ್ಮ ಆ ಕಡೆ ಹೋದೊಡನೆ ಸಿಂಕಿಗೆ ಸುರಿಯುತ್ತಿದ್ದಳು.

ಒಂದು ದಿನ ವ್ಯಾನಿನಲ್ಲಿ ಅವನು ಅವಳ ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿಮಾಡುತ್ತಾ, ಹೋದ ವಾರ ಇಷ್ಟು ಸಡಿಲ ಇರಲಿಲ್ಲ ಎಂದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ಏನನ್ನಿಸಿತೋ, ಪಿಸುಗುಡುತ್ತಲೇ ಎಲ್ಲ ಹೇಳಿದಳು. ಸಿಂಕಿನದ್ದು, ಸಿರಪ್ಪಿನದ್ದು.

"ಯಾರಿಗೂ ಹೇಳ್ಬೇಡಿ," ಎಂದಳು.

ಅವನು ಆಯಿತು ಎನ್ನಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೊಡನೆ ನೋವಿಗೆ ಔಷಧಿ ಕೊಡುವ ಡಾಕ್ಟರ್ ಅವಳನ್ನು ಒಳಗೆ ಕರೆಸಿದರು. ನರೆಗೂದಲಿನ, ಚುರುಕು ಕಣ್ಣಿನ ಹೆಂಗಸು. ಊಟ ಸಿಂಕಿಗೆ ಹೋಗುತ್ತಿದೆಯಂತೆ, ಸಿರಪ್ ಬೀರುವಿನಲ್ಲಿದೆಯಂತೆ, ಹೌದಾ ಎಂದು ನೇರವಾಗಿ ಕೇಳಿದರು. ತೂಕ ನೋಡಿ ಮುಖ ಗಂಟಿಕ್ಕಿದರು. ಹೀಗೇ ಆದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಕಾಗುತ್ತದೆ ಎಂದರು.

ಅವಳ ಕಿವಿಗೆ ಮುಂದಿನದ್ದೇನೂ ಬೀಳಲಿಲ್ಲ. ಹೇಳಿಬಿಟ್ಟನಾ? ನನ್ನ ಬೆನ್ನ ಹಿಂದೆ?

ಹೊರಗೆ ಬಂದವಳು ವ್ಯಾನು ಹತ್ತಲಿಲ್ಲ. ಸುಟ್ಟ ಗಂಟಲಿನಿಂದ ಒಂದೊಂದೇ ಪದ ಕಿತ್ತು ತೆಗೆದಳು.

"ನಿಮ್ಮನ್ನ ನಂಬಿ ಹೇಳಿದ್ದೆ. ನಾಳೆಯಿಂದ ಬರಬೇಡಿ."

ಅವನು ಬಾಯಿ ತೆರೆದ. ಅವತ್ತು ಜೊತೆಗೆ ಬಂದು ಅವಳ ಹಿಂದೆ ನಿಂತಿದ್ದ ಅಮ್ಮನನ್ನು ನೋಡಿದ. ಬಾಯಿ ಮುಚ್ಚಿದ. ತಲೆ ತಗ್ಗಿಸಿ ಹೊರಟುಹೋದ.

ಮರುದಿನದಿಂದ ಟ್ಯಾಕ್ಸಿ. ಅದರ ಡ್ರೈವರ್ ಹಂಪ್ಸ್ ಕಂಡರೂ ವೇಗ ಇಳಿಸುತ್ತಿರಲಿಲ್ಲ. ಪ್ರತಿ ಕುಲುಕಿಗೂ ಅವಳ ಕತ್ತು ಉರಿಯುತ್ತಿತ್ತು. ಡ್ಯಾಷ್‌ಬೋರ್ಡ್ ತಟ್ಟಿದರೆ ಅವನಿಗೇನು ಗೊತ್ತಾಗುತ್ತದೆ?

ಆ ವಾರ ಡಾಕ್ಟರ್ ಅವಳನ್ನು ಮತ್ತೆ ಕೂರಿಸಿಕೊಂಡರು. ಸಿರಪ್ ಯಾಕೆ ಬೇಡ ಎಂದು ಕೇಳಿದರು. ಅದು ಸಾಯುವವರ ಔಷಧಿ ಎಂದು ಅವಳು ಪಿಸುಗುಟ್ಟಿದಳು.

"ನಾನಿದನ್ನ ಸಾಯೋರಿಗೆ ಕೊಡ್ತಿಲ್ಲ ಕಣಮ್ಮ, ತಿನ್ನೋರಿಗೆ ಕೊಡ್ತಿದೀನಿ," ಎಂದರು ಡಾಕ್ಟರ್. "ನೋವು ತಡ್ಕೊಂಡಿದ್ದಕ್ಕೆ ಇಲ್ಲಿ ಯಾರೂ ಪದಕ ಕೊಡಲ್ಲ. ಹೊಟ್ಟೆಗೆ ಹೋದ್ರೆ ಮಾತ್ರ ಮೈ ರಿಪೇರಿಯಾಗುತ್ತೆ."

ಆಮೇಲೆ ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದರು. ಸಿರಪ್ಪನ್ನು ನೋವು ಏರಿದ ಮೇಲೆ ಅಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು, ಊಟಕ್ಕೆ ಅರ್ಧ ಗಂಟೆ ಮುಂಚೆ ಬೀಳುವಂತೆ ನೋಡಿಕೊಳ್ಳಬೇಕು. ತಿನ್ನುವುದಕ್ಕೆ ಸ್ವಲ್ಪ ಮುಂಚೆ ಬಾಯಿ ಮರಗಟ್ಟಿಸುವ ಜೆಲ್. ಮರಗಟ್ಟಿದ ಬಾಯಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಆದ್ದರಿಂದ ಬಿಸಿ ಏನೂ ಬೇಡ. ಹುಳಿ, ಖಾರ, ಗರಿಗರಿ ಏನೂ ಬೇಡ. ಎಲ್ಲವೂ ಬೆಂದು, ಅರೆದು, ತಣ್ಣಗಾಗಿರಬೇಕು. ಉಪ್ಪು, ಅಡುಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಬೇಕು. ನೆಟ್ಟಗೆ ಕೂತು, ಗಲ್ಲ ಎದೆಯ ಕಡೆ ತಗ್ಗಿಸಿ, ಚಿಕ್ಕ ಚಿಕ್ಕ ಗುಟುಕು. ಎಷ್ಟೇ ನೋವಿದ್ದರೂ ದಿನಾ ಸ್ವಲ್ಪವಾದರೂ ನುಂಗಲೇಬೇಕು, ನುಂಗುವುದನ್ನು ಬಿಟ್ಟ ಗಂಟಲು ನುಂಗುವುದನ್ನೇ ಮರೆಯುತ್ತದೆ. ಈ ಸಿರಪ್ಪಿಗೆ ಮಲಬದ್ಧತೆಯಾಗುತ್ತದೆ, ಅದಕ್ಕೆ ಬೇರೆ ಔಷಧಿ, ಅದಕ್ಕೆ ನಾಚಿಕೆ ಬೇಡ. ಸಿರಪ್ ಕುಡಿಯುವಷ್ಟು ದಿನ ಗಾಡಿ ಓಡಿಸುವಂತಿಲ್ಲ.

ಕೊನೆಯದನ್ನು ಕೇಳಿ ಅವಳಿಗೆ ನಗು ಬಂತು. ಇದನ್ನೇ ಅವಳು ತನ್ನ ಶಿಷ್ಯರಿಗೆ ಎಷ್ಟೋ ಸಲ ಕೂಗಿ ಹೇಳಿದ್ದಳು.

ಮನೆಗೆ ಬಂದು ಬಾಟಲಿಯ ಮುಚ್ಚಳ ತೆಗೆದಳು. ಅರ್ಧ ಗಂಟೆ ಬಿಟ್ಟು, ಮುಕ್ಕಳಿಸಿ, ಜೆಲ್ ಹಚ್ಚಿ, ಅಮ್ಮ ಅರೆದು ತಣಿಸಿಟ್ಟಿದ್ದ ಆಲೂಗಡ್ಡೆ ಸೂಪನ್ನು ಚಮಚದಲ್ಲಿ ಬಾಯಿಗಿಟ್ಟಳು. ಗಲ್ಲ ತಗ್ಗಿಸಿದಳು. ಕಣ್ಣು ಮುಚ್ಚಿದಳು. ನೋವಿತ್ತು. ಆದರೆ ಗಾಜು ಇರಲಿಲ್ಲ. ಬಟ್ಟಲು ಅರ್ಧದಷ್ಟು ಖಾಲಿಯಾಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದಳು.

ಅದೇ ದಿನ ಅಮ್ಮ ಅವಳ ಹಾಸಿಗೆಯ ಮೇಲೆ ಒಂದು ಹೊಸ ದಿಂಬು ತಂದಿಟ್ಟಳು. ಒಂದು ಕಡೆ ಎತ್ತರ, ಇನ್ನೊಂದು ಕಡೆ ಇಳಿಜಾರು. ಮಲಗಿದರೆ ಎಂಜಲು ಗಂಟಲಲ್ಲಿ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿದ್ದುದರಿಂದ ಅವಳು ಎಷ್ಟೋ ದಿನಗಳಿಂದ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಈ ದಿಂಬಿಗೆ ಒರಗಿದರೆ ಕೂತ ಹಾಗೂ ಇತ್ತು, ಮಲಗಿದ ಹಾಗೂ ಇತ್ತು. ಕತ್ತು ತಾಗುವ ಜಾಗಕ್ಕೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ ಹೊಲಿದಿತ್ತು. ಸುಟ್ಟ ಚರ್ಮಕ್ಕೆ ಎಲ್ಲೂ ಒತ್ತುತ್ತಿರಲಿಲ್ಲ.

ಅಂಗಡಿಯಲ್ಲಿ ಸಿಗುವ ದಿಂಬಲ್ಲ ಇದು. ಆ ಹೊಲಿಗೆಯನ್ನು ಅವಳು ಅವನ ವ್ಯಾನಿನ ಸೀಟಿನಲ್ಲಿ ದಿನಾ ನೋಡಿದ್ದಳು.

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತಳು.

"ಡಾಕ್ಟರಿಗೆ ಹೇಳಿದ್ದು ಅವರಲ್ಲ ಕಣೆ, ನಾನು," ಎಂದಳು. "ಸಿಂಕು ಕಟ್ಟಿಕೊಂಡಿತ್ತು. ಕೈ ಹಾಕಿ ನೋಡಿದ್ರೆ ನಾನು ಮಾಡಿದ ಸೂಪು. ಬೀರು ತೆಗೆದ್ರೆ ಬಾಟಲಿ. ಆಸ್ಪತ್ರೆಗೆ ಫೋನ್ ಮಾಡೋದಾ ಬೇಡ್ವಾ ಅಂತ ಅವರನ್ನೇ ಕೇಳಿದೆ. ಮಾಡಿ ಅಂದ್ರು. ಅಷ್ಟೇ."

ಮಗಳು ಬೈದಾಗ ಅವನು ಯಾಕೆ ಸುಮ್ಮನಿದ್ದ ಎಂದೂ ಅಮ್ಮ ಹೇಳಿದಳು. ಈ ಹೊತ್ತಿನಲ್ಲಿ ಟೀಚರ್‌ಗೆ ಅಮ್ಮನ ಮೇಲೆ ಕೋಪ ಬರಬಾರದು, ಊಟ ಹಾಕುವವರು ನೀವು, ನನ್ನ ಮೇಲೆ ಬಂದರೆ ಪರವಾಗಿಲ್ಲ ಎಂದಿದ್ದನಂತೆ.

ಅವಳು ದಿಂಬನ್ನು ಎದೆಗೊತ್ತಿಕೊಂಡು ಅತ್ತಳು. ಅಳುವುದೂ ನುಂಗಿದಷ್ಟೇ ನೋವು ಎಂದು ಆಗ ಗೊತ್ತಾಯಿತು.

ಮರುದಿನ ರೇಡಿಯೇಷನ್ ಮುಗಿದೊಡನೆ ಟ್ಯಾಕ್ಸಿಯನ್ನು ಅವನ ಅಂಗಡಿಯ ಕಡೆ ತಿರುಗಿಸಿದಳು. ಅಂಗಡಿಯ ತುಂಬ ಸ್ಪಂಜಿನ ಹಾಳೆ, ಬಟ್ಟೆಯ ಸುರುಳಿ, ಮೊಳೆಯ ಡಬ್ಬಿ. ಹೊಟ್ಟೆ ಸೀಳಿದ ಸೋಫಾ ಒಂದರ ಮುಂದೆ ಮಂಡಿಯೂರಿ ಕೂತಿದ್ದ ಅವನು ಅವಳನ್ನು ಕಂಡು ಗಡಬಡಿಸಿ ಎದ್ದ. ಬಾಯಲ್ಲಿ ಹಿಡಿದಿದ್ದ ಮೊಳೆಗಳನ್ನು ಉಗಿದ.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ.

"ತಪ್ಪಾಯ್ತು."

"ಸದ್ಯ, ಹೆಚ್ಚು ಮಾತಾಡ್ಬೇಡಿ," ಎಂದ ಅವನು. ಆಮೇಲೆ ತಲೆ ಕೆರೆದುಕೊಂಡ. "ಅಮ್ಮ ಹೇಳದೇ ಇದ್ದಿದ್ರೆ ನಾನೇ ಹೇಳ್ತಿದ್ದೆ ಟೀಚರ್. ಅದಕ್ಕೇ ಅವತ್ತು ನಿಮಗೆ ಮಾತು ಕೊಡ್ಲಿಲ್ಲ."

ಅವಳು ಅವನನ್ನೇ ನೋಡುತ್ತಾ ನಿಂತಳು. ಎಂಥ ಮನುಷ್ಯನಪ್ಪಾ ಇವನು, ತಪ್ಪಿಸಿಕೊಳ್ಳುವ ದಾರಿ ಸಿಕ್ಕರೂ ತಪ್ಪಿಸಿಕೊಳ್ಳುವುದಿಲ್ಲ...

ಟ್ಯಾಕ್ಸಿ ಕಳಿಸಿ, ವ್ಯಾನಿನಲ್ಲೇ ಮನೆಗೆ ಹೋದಳು. ಹಂಪ್ಸ್ ಬಂದಾಗಲೆಲ್ಲ ಅವನು ಇರುವೆ ನಡೆದಂತೆ ದಾಟಿಸಿದ. ಅವಳು ಒಮ್ಮೆಯೂ ತಟ್ಟಬೇಕಾಗಲಿಲ್ಲ.

ಕೊನೆಯ ರೇಡಿಯೇಷನ್ ಮುಗಿದ ದಿನ ಇನ್ನು ಕಷ್ಟವೆಲ್ಲ ಮುಗಿಯಿತು ಎಂದುಕೊಂಡಿದ್ದಳು. ಆದರೆ ಆಮೇಲಿನ ಎರಡು ವಾರವೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಹೀಗಾಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ತೂಕ ಮತ್ತೆ ಇಳಿಯಿತು. ಮೂಗಿಗೆ ನಳಿಕೆ ಹಾಕಿದರು.

ಅವಳು ಕನ್ನಡಿ ನೋಡಲಿಲ್ಲ. ಅವನು ಬಂದಾಗ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಕುರ್ಚಿ ಎಳೆದುಕೊಂಡು ಗೋಡೆಯ ಕಡೆಗೇ ಬಂದು ಕೂತ. ಪಕ್ಕದಲ್ಲಿ ನೀರಿನ ಲೋಟ ಇಟ್ಟ. ನಳಿಕೆಯಲ್ಲಿ ಊಟ ಹೋಗುತ್ತಿದ್ದರೂ ಗಂಟಲು ಮರೆಯದಿರಲು ಬಾಯಲ್ಲಿ ಒಂದೊಂದು ಗುಟುಕು ನುಂಗುತ್ತಿರಬೇಕೆಂದು ಡಾಕ್ಟರ್ ಹೇಳಿದ್ದರು.

ಅವಳು ಒಂದು ಗುಟುಕು ನುಂಗಿದರೆ ಅವನೂ ತನ್ನ ಲೋಟದಿಂದ ಒಂದು ಗುಟುಕು ನುಂಗುತ್ತಿದ್ದ, ಗಲ್ಲ ತಗ್ಗಿಸಿ, ಕಣ್ಣು ಮುಚ್ಚಿ, ಅವಳ ಹಾಗೆಯೇ ಮುಖ ಕಿವುಚಿ. ಆ ಮುಖ ನೋಡಿ ಅವಳಿಗೆ ನಗು ಬರುತ್ತಿತ್ತು. ನಕ್ಕರೂ ನೋವು. ಆದರೂ ನಗುತ್ತಿದ್ದಳು. ದಿನಾ ಅಂಗಡಿ ಮುಚ್ಚಿ ಬಂದು ಹೀಗೆ ನೀರು ಕುಡಿದು ಹೋಗುತ್ತಿದ್ದ.

ನಳಿಕೆ ತೆಗೆದರು. ಸಿರಪ್ಪನ್ನು ಡಾಕ್ಟರ್ ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದಳು. ಹುಣ್ಣು ಮಾಯ್ದವು. ಬಾಯಿ ಮಾತ್ರ ಒಣಗಿಯೇ ಇರುತ್ತಿತ್ತು, ಎಲ್ಲಿ ಹೋದರೂ ನೀರಿನ ಬಾಟಲಿ ಬೇಕು. ದನಿ ಮರಳಿತು, ಆದರೆ ಹಳೆಯದಲ್ಲ. ತಗ್ಗಿದ, ಒರಟಾದ, ಬೇಗ ದಣಿಯುವ ದನಿ. ರೋಗ ಪೂರ್ತಿ ಹೋಗಿದೆಯೇ ಎಂದು ನೋಡುವ ಸ್ಕ್ಯಾನ್ ಇನ್ನೂ ಬಾಕಿ ಇತ್ತು.

ಸ್ಕ್ಯಾನಿನ ಹಿಂದಿನ ದಿನ ಸಂಜೆ ಇಬ್ಬರೂ ಅವಳ ಅಡುಗೆಮನೆಯ ಮೇಜಿನ ಎದುರುಬದುರು ಕೂತಿದ್ದರು. ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಇವತ್ತು ಹೋಗಬೇಕೆಂದು ಯಾಕೆ ಅನ್ನಿಸಿತೋ ಅಮ್ಮನಿಗೇ ಗೊತ್ತು.

ಅವನು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದ. ಕೊನೆಗೆ ಹೇಳಿದ.

"ಟೀಚರ್, ನನ್ನ ಮದುವೆಯಾಗ್ತೀರಾ?"

ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆನೋ... ಇವತ್ತೇ ಯಾಕೆ ಕೇಳಿದ?

"ನಾಳೆ ಸ್ಕ್ಯಾನ್ ಆಗ್ಲಿ," ಎಂದಳು. "ಅದು ಬರಲಿ, ಆಮೇಲೆ ನೋಡೋಣ."

"ಆಮೇಲೆ ಕೇಳಿದ್ರೆ ಅದು ಸ್ಕ್ಯಾನನ್ನ ಕೇಳಿದ ಹಾಗಾಗುತ್ತೆ. ನಾನು ನಿಮ್ಮನ್ನ ಕೇಳ್ತಿದೀನಿ."

ಅವಳು ನೀರಿನ ಬಾಟಲಿ ತೆರೆದು ಒಂದು ಗುಟುಕು ಕುಡಿದಳು.

"ಒಬ್ಬರು ಕಣ್ಣೆದುರಿಗೇ ಹೋಗಿದ್ದನ್ನ ನೋಡಿದೀರಿ. ಇನ್ನೊಂದು ಸಲ ಅದೇ ಆದ್ರೆ? ನಾನು ಹೇಗೆ ನಿಮ್ಮನ್ನ ಅದಕ್ಕೆ ನೂಕಲಿ?"

ಅವನು ಉಪ್ಪಿನ ಡಬ್ಬಿ ಬಿಟ್ಟ.

"ಅವಳ ಜೊತೆ ಇದ್ದ ಒಂದು ದಿನಾನೂ ನನಗೆ ದಂಡ ಅಂತ ಅನ್ನಿಸಿಲ್ಲ. ಕೊನೇ ದಿನಗಳೂ. ಹೆದರಿಕೆ ಇಲ್ಲ ಅಂತ ಹೇಳಲ್ಲ. ಇದೆ. ಆದ್ರೆ ಆ ಹೆದರಿಕೆ ನನ್ನ ಅಂಗಡೀಲಿ ಒಬ್ಬನೇ ಕೂತಾಗ್ಲೂ ಇರುತ್ತೆ. ಇಲ್ಲಿ ಕೂತ್ರೆ ನೀವಾದ್ರೂ ಇರ್ತೀರಿ."

ಅವಳು ಕೈ ಚಾಚಿದಳು. ಮೊಳೆ ಹೊಡೆದು ಹೊಡೆದು ಗಡುಸಾದ ಅವನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟಳು.

"ಆಗ್ತೀನಿ," ಎಂದಳು.

ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಮ್ಮ ವಾಪಸು ಬಂದಾಗ ಇಬ್ಬರೂ ಹಾಗೆಯೇ ಕೂತಿದ್ದರು. ದೀಪ ಹಾಕಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ.

ಸ್ಕ್ಯಾನಿನ ಫಲಿತಾಂಶ ಬಂದಾಗ ಡಾಕ್ಟರ್ ನಕ್ಕರು. ಗಂಟಲೂ ಕತ್ತೂ ಸ್ವಚ್ಛ. ಇನ್ನು ಕೆಲವು ವರ್ಷ ಆಗಾಗ ಬಂದು ತೋರಿಸುತ್ತಿರಬೇಕು, ಅಷ್ಟೇ.

ದಾರಿಯಲ್ಲಿ ಒಂದು ಚಿಕ್ಕ ಹೋಟೆಲಿನಲ್ಲಿ ಕೂತರು. ಅವಳು ಮೆತ್ತನೆಯ ಆಮ್ಲೆಟ್ ತರಿಸಿಕೊಂಡಳು. ಚೂರು ಮಾಡಿ, ಬಾಯಿಗಿಟ್ಟು, ನೀರು ಗುಟುಕರಿಸಿ ನುಂಗಿದಳು. ಬಹಳ ತಿಂಗಳ ಮೇಲೆ ನಾಲಿಗೆಗೆ ಒಂಚೂರು ಉಪ್ಪಿನ ರುಚಿ ತಾಗಿತು. ಅವಳ ಕಣ್ಣು ಅರಳಿತು.

ಅವನು ತನ್ನ ತಟ್ಟೆ ಮರೆತು ಅವಳು ತಿನ್ನುವುದನ್ನೇ ನೋಡುತ್ತಿದ್ದ. "ಸಾಕಾ ಟೀಚರ್, ಇನ್ನೊಂದು ಹೇಳಲಾ ನಿಮಗೆ?" ಎಂದ.

"ಮದುವೆಯಾಗೋಳಿಗೆ ಇನ್ನೂ ಎಷ್ಟು ದಿನ ನೀವು, ನಿಮಗೆ ಅಂತೀರಿ?"

ಅವನು ಕಿವಿಯವರೆಗೂ ಕೆಂಪಾದ. "ಕಲಿಸಿದೋರಿಗೆ ಬೇರೆ ಥರ ಅನ್ನೋಕೆ ಬಾಯಿ ಬರಲ್ವಲ್ಲ."

"ಪ್ರಯತ್ನ ಮಾಡಿ. ನಾನು ಕಾಯ್ತೀನಿ."

ಅವನು ನೀರು ಕುಡಿದ. ಗಂಟಲು ಸರಿಮಾಡಿಕೊಂಡ. ಅವಳ ತಟ್ಟೆಯ ಕಡೆ ನೋಡಿದ, ಆಮೇಲೆ ಅವಳನ್ನು ನೋಡಿದ.

"ಆರಿಹೋಗುತ್ತೆ," ಎಂದ ಮೆಲ್ಲಗೆ. "ತಿನ್ನು."

"ತಿಂತೀನಿ," ಎಂದಳು ಅವಳು. "ನೀನೂ ತಿನ್ನು."